ಅಸ್ಥಿಪ್ರಮಾಣವೂ ಪ್ರಾಚೀನ ಬೇಟೆಗಾರರ ಆಹಾರವೂ

ಬೇಟೆಯಾಡಿಯೂ ಗೆಡ್ಡೆಗೆಣಸುಗಳನ್ನು ಆಯ್ದೂ ಬಾಳಿದ ಆದಿಮಾನವರು ಏನನ್ನು ಉಣ್ಣುತ್ತಿದ್ದರೆಂಬುದಕ್ಕೆ ಶಾಸನವಿಲ್ಲ, ಗ್ರಂಥವಿಲ್ಲ. ನೆಲದೊಳಗಿನ ಎಲುಬುಗಳೇ ಮುಖ್ಯ ಸಾಧನ. ಆದರೆ ಎಲುಬು ಪ್ರತ್ಯಕ್ಷ, ಆಹಾರವು ಅನುಮೇಯ. ಈ ಅನುಮಾನದಲ್ಲಿ ಹೇತುವು ಎಲ್ಲಿ ದೃಢ, ಎಲ್ಲಿ ಶಿಥಿಲವೆಂಬುದನ್ನು ಇಲ್ಲಿ ವಿವೇಚಿಸಿದೆ.

ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿರುವ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1997ರಿಂದ ಉತ್ಖನನ ನಡೆಸಿದರು. ಶಿಲಾಯುಧಗಳೊಡನೆ ದೊರೆತ ಗೋಜಾತಿಯ ಕಾಡುಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಹೇಳಲಾಯಿತು. ಹಲ್ಲು ಕಾಲವನ್ನೂ ಪ್ರಾಣಿಯನ್ನೂ ತಿಳಿಸಿತು. ಅದನ್ನು ತಿಂದವರು ಮನುಷ್ಯರೇ ಎಂದು ಹಲ್ಲೊಂದೇ ಹೇಳಲಾರದು. ಕತ್ತೆಕಿರುಬವೂ ಎಲುಬುಗಳನ್ನು ಕೂಡಿಹಾಕುವುದು, ಪ್ರವಾಹವೂ ತಂದು ಬಿಡುವುದು. ಇಂಥ ಹೇತುವನ್ನು ನೈಯಾಯಿಕರು ಸವ್ಯಭಿಚಾರವೆಂದಿದ್ದಾರೆ. ಮಾಂಸ ಕೊಯ್ದ ಗೀರಾಗಲಿ, ಮಜ್ಜೆಗಾಗಿ ಒಡೆದ ಗುರುತಾಗಲಿ ಕಂಡಲ್ಲಿ ಮಾತ್ರ ಹೇತು ನಿಲ್ಲುವುದು.

ದೇಶದೇಶಗಳನ್ನು ಹೋಲಿಸುವಾಗಲೂ ಇದೇ ಎಚ್ಚರ ಬೇಕು. ಗುಜರಾತದ ಲಾಂಘಣಜದಲ್ಲಿ 1940ರ ದಶಕದಲ್ಲಿ ಹೆಚ್. ಡಿ. ಸಾಂಕಳಿಯಾ ಅವರ ಉತ್ಖನನದಿಂದ ಜಿಂಕೆ, ನೀಲಗಾಯಿ ಮೊದಲಾದವುಗಳ ಎಲುಬುಗಳೊಡನೆ ಖಡ್ಗಮೃಗದ ಹೆಗಲೆಲುಬೂ ದೊರೆಯಿತು. ಅದರ ಮೇಲಿನ ಹೊಡೆತದ ಕುಳಿಗಳು ಅದನ್ನು ಅಡಿಗಲ್ಲಿನಂತೆ ಬಳಸಿದರೆಂಬುದನ್ನು ಸೂಚಿಸುತ್ತವೆ. ಆಹಾರಶೇಷವೆಂದು ತೋರುವುದು ಉಪಕರಣವೂ ಆಗಿರಬಹುದು! ಮೇಲಾಗಿ ಸುಣ್ಣದಂಶವುಳ್ಳ ನೆಲದಲ್ಲಿ ಎಲುಬು ಉಳಿಯುವುದು, ಆಮ್ಲಗುಣದ ಮಣ್ಣಿನಲ್ಲಿ ಕರಗುವುದು. ಎಲುಬುಗಳ ಸಂಖ್ಯೆಯನ್ನೇ ಹೋಲಿಸಿದರೆ ಊಟಗಳನ್ನಲ್ಲ, ಮಣ್ಣುಗಳನ್ನು ಹೋಲಿಸಿದಂತಾದೀತು.

ಇನ್ನು ಗೆಡ್ಡೆ, ಹಣ್ಣು, ಸೊಪ್ಪುಗಳ ಮಾತು. ಅವು ಕಾಣದಿರುವುದರಿಂದ ಅವುಗಳನ್ನು ತಿನ್ನಲಿಲ್ಲವೆನ್ನಬಹುದೆ? ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದರೆ ಮಾತ್ರ ಅಭಾವವು ಸಿದ್ಧವಾಗುವುದು, ಇದೇ ಯೋಗ್ಯಾನುಪಲಬ್ಧಿ. ಕೊಳೆತುಹೋಗುವ ಗೆಡ್ಡೆಗೆ ಆ ಯೋಗ್ಯತೆಯಿಲ್ಲ. ನಮ್ಮ ತಾರಿಹಾಳದಿಂದ ದಕ್ಷಿಣಕ್ಕೆ, ತುಂಗಭದ್ರೆಯ ದಡದಲ್ಲಿರುವ ಹಾವೇರಿ ಜಿಲ್ಲೆಯ ಹಳ್ಳೂರನ್ನು 1965ರಲ್ಲಿ ಎಂ. ಎಸ್. ನಾಗರಾಜರಾಯರು ಅಗೆಯಿಸಿದರು, ಅಲ್ಲಿಯ ಎಲುಬುಗಳನ್ನು ಪಶುವೈದ್ಯಶಾಸ್ತ್ರಜ್ಞರಾದ ಕೆ. ಆರ್. ಆಲೂರರು ಪರೀಕ್ಷಿಸಿದರು. ಮುಂದೆ ಅಲ್ಲಿಯ ಮಣ್ಣನ್ನು ನೀರಿನಲ್ಲಿ ತೇಲಿಸಿ ಶೋಧಿಸಿದಾಗ ಸುಟ್ಟು ಕರಿಯಾದ ಹುರುಳಿ, ಹೆಸರುಕಾಳುಗಳು ದೊರೆತವು. ಹಳ್ಳೂರಿನವರು ಬೇಟೆಯನ್ನೇ ನಂಬಿದವರಲ್ಲ, ಪಶುಪಾಲಕರು, ಕೃಷಿಕರು; ಆದರೂ ದೃಷ್ಟಾಂತವು ಸಲ್ಲುವುದು. ಬೆಂಕಿ ತಗಲದಿದ್ದರೆ ಆ ಕಾಳುಗಳೂ ಮಣ್ಣಾಗಿ, ಎಲುಬುಗಳಷ್ಟೇ ಸಾಕ್ಷಿಯಾಗಿ ಉಳಿಯುತ್ತಿದ್ದವು.

ಆದುದರಿಂದ ಆದಿಮಾನವನನ್ನು ಕೇವಲ ಮಾಂಸಾಹಾರಿಯೆಂದು ಪಾಠದಲ್ಲಿ ಹೇಳುವುದು ಪ್ರಮಾಣಕ್ಕೆ ಮೀರಿದ ಮಾತು. ಎಲುಬು ಹೇಳಿದಷ್ಟನ್ನು ಒಪ್ಪೋಣ; ಅದರ ಮೌನವನ್ನು ನಿಷೇಧವೆಂದು ಓದದಿರೋಣ.