ಹೊಲಿಗೆ ಕೆಲಸದ ಪಾಲಿನ್ ಹೇಳಿದ್ದು

ಇವತ್ತು ಒಬ್ಬ ಹೊಲಿಗೆ ಕೆಲಸದ ಹೆಣ್ಣುಮಗಳ ಕಥೆ.

1895. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್. ಅಲ್ಲಿನ ಯೂನಿವರ್ಸಿಟಿಯ ಪೆಥಾಲಜಿಸ್ಟ್ ಆಲ್ಡ್ರೆಡ್ ವಾರ್ಥಿನ್ ಮನೆಗೆ ಬಟ್ಟೆ ಹೊಲಿದುಕೊಡ್ತಿದ್ದವಳು ಪಾಲಿನ್ ಗ್ರಾಸ್. ನಾನು ಬೇಗ ಸಾಯ್ತೀನಿ ಅಂತ ಒಮ್ಮೆ ಅವರ ಹತ್ತಿರ ಹೇಳಿಕೊಂಡಳು. ನಮ್ಮ ಮನೆತನದಲ್ಲಿ ಹೆಚ್ಚಿನವರು ಹೊಟ್ಟೆ, ಕರುಳು, ಇಲ್ಲಾ ಗರ್ಭಕೋಶದ ಕ್ಯಾನ್ಸರಿನಿಂದಲೇ ಹೋಗೋದು, ನಂದೂ ಅಷ್ಟೇ ಅಂದಳು. ಆಗಿನ್ನೂ ಆಕೆ ಇಪ್ಪತ್ತು ದಾಟಿದ ಹುಡುಗಿ.

ಬೇರೆ ಡಾಕ್ಟರಾಗಿದ್ರೆ ಸುಮ್ನೆ ತಲೆ ಕೆಡಿಸ್ಕೋಬೇಡ ಅಂತಿದ್ದರೇನೋ. ವಾರ್ಥಿನ್ ಕೇಳಿಸಿಕೊಂಡರು. ಜರ್ಮನಿಯಿಂದ ವಲಸೆ ಬಂದ ಮನೆತನ ಅದು. ಯಾರು, ಯಾವುದರಿಂದ ತೀರಿಕೊಂಡರು ಅನ್ನೋ ಮಾಹಿತಿ ಒಟ್ಟುಮಾಡೋಕೆ ಪಾಲಿನ್ನೇ ನೆರವಾದಳು. 1913ರಲ್ಲಿ 'ಫ್ಯಾಮಿಲಿ ಜಿ' ಅಂತ ಅದು ಪ್ರಕಟವಾಯ್ತು. 1919ರಲ್ಲಿ, 46ನೇ ವಯಸ್ಸಿಗೆ ಪಾಲಿನ್ ಹೋದಳು. ಗರ್ಭಕೋಶದ ಒಳಪದರದ ಕ್ಯಾನ್ಸರ್.

ಮುಂದೆ ಆ ಕಾಗದಗಳು ಬಹಳ ಕಾಲ ಮೂಲೆ ಸೇರಿದವು. ವಾರ್ಥಿನ್‌ಗೆ 'ಒಳ್ಳೆ ತಳಿ, ಕೆಟ್ಟ ತಳಿ' ಅನ್ನೋ ಆ ಕಾಲದ ಹುಚ್ಚೂ ಇತ್ತು, ಅದನ್ನ ಮುಚ್ಚಿಡೋದು ಸರಿಯಲ್ಲ. 1966ರಲ್ಲಿ ಒಮಾಹಾದ ಡಾಕ್ಟರ್ ಹೆನ್ರಿ ಲಿಂಚ್ ಇಂಥವೇ ಎರಡು ಕುಟುಂಬಗಳ ಬಗ್ಗೆ ಬರೆದರು, 1971ರಲ್ಲಿ ಫ್ಯಾಮಿಲಿ ಜಿಯನ್ನೂ ಮತ್ತೆ ಹುಡುಕಿ ತೆಗೆದರು. ಈ ಕಾಯಿಲೆಗೆ ಈಗ ಲಿಂಚ್ ಸಿಂಡ್ರೋಮ್ ಅಂತಲೇ ಹೆಸರು. (ಪಾಲಿನ್ ಹೆಸರು ಇಟ್ಟಿದ್ದರೆ ಚೆನ್ನಾಗಿತ್ತು ಅಂತ ನನಗೆ.) 1993ರಲ್ಲಿ ಎಂಎಸ್‌ಎಚ್2 ಜೀನ್ ಸಿಕ್ಕಿತು. ಡಿಎನ್‌ಎ ಕಾಪಿ ಆಗುವಾಗ ಬರೋ ತಪ್ಪು ತಿದ್ದೋದು ಅದರ ಕೆಲಸ. ಅದು ಕೆಟ್ಟರೆ, ಕೋಡ್ ರಿವ್ಯೂ ಮಾಡೋನೇ ರಜೆ ಹಾಕಿದ ಹಾಗೆ. 2000ದಲ್ಲಿ ಪಾಲಿನ್ ವಂಶದವರಲ್ಲೂ ಅದೇ ಜೀನಿನ ದೋಷ ಸಿಕ್ಕಿತು.

ಈ ಕ್ಯಾನ್ಸರ್ ಬಂದ ನೂರು ಹೆಂಗಸರಲ್ಲಿ ಲಿಂಚ್ ಇರೋದು ಸುಮಾರು 3 ಜನರಿಗೆ. ಉಳಿದವರಲ್ಲಿ ವಯಸ್ಸು, ಬೊಜ್ಜು, ಡಯಾಬಿಟೀಸ್ ಇಂಥವು. ಆದ್ರೆ ನೂರಕ್ಕೆ ಸುಮಾರು 90 ಜನರಲ್ಲಿ ಕಾಣೋ ಲಕ್ಷಣ ರಕ್ತಸ್ರಾವ, ಅದರಲ್ಲೂ ಮುಟ್ಟು ನಿಂತ ಮೇಲೆ. ಒಂದೇ ಸಲ ಕಂಡರೂ ತೋರಿಸಬೇಕು. ಪ್ಯಾಪ್ ಟೆಸ್ಟ್ ನಾರ್ಮಲ್ ಅಂತ ಸುಮ್ಮನಿರಬೇಡಿ, ಅದು ಗರ್ಭಕಂಠದ ಪರೀಕ್ಷೆ. ಇದಕ್ಕೆ ಸ್ಕ್ಯಾನ್, ಬಯಾಪ್ಸಿ ಬೇಕು.

ನಮ್ಮಮ್ಮನಿಗೆ ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ ಮೂರು ಸಲ ರಕ್ತ ಕಂಡಿತ್ತು. ನಾನು ಪುಣೆಯಲ್ಲಿ, ಅಮ್ಮ ತಿಪಟೂರಲ್ಲಿ. ದಿನಾ ಫೋನ್ ಮಾಡ್ತೀವಿ, 'ಊಟ ಆಯ್ತಾ' ಅಲ್ಲಿಗೆ ಮುಗೀತು. ಕೊನೆಗೆ ನನ್ನ ಹೆಂಡತಿ ಹತ್ತಿರ ಹೇಳಿದ್ದಾರೆ. ನಂಗ್ಯಾಕೆ ಹೇಳಲಿಲ್ಲಮ್ಮ ಅಂದ್ರೆ, "ಇದನ್ನೆಲ್ಲ ಗಂಡುಮಕ್ಕಳ ಹತ್ರ ಹೇಳ್ತಾರೇನೋ?"

ಪುಣ್ಯಕ್ಕೆ ಆರಂಭದ ಹಂತ. ಗರ್ಭಕೋಶ, ಅಂಡಾಶಯ ತೆಗೆದರು. ಮನೇಲಿ ಬೇರೆ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ ಅಂತ ಡಾಕ್ಟರ್ ಕೇಳಿದಾಗ ನನಗೆ ಗೊತ್ತಿದ್ದದ್ದು ಅಜ್ಜಿ 'ಹೊಟ್ಟೆ ಗಡ್ಡೆ'ಯಿಂದ ಹೋದರು ಅನ್ನೋದಷ್ಟೇ. ದೊಡ್ಡಮ್ಮನಿಗೆ ಫೋನ್ ಮಾಡಿದೆ. ಒಂದು ಗಂಟೆ ಮಾತಾಡಿದರು. ಅಜ್ಜಿಗೆ ಗರ್ಭಕೋಶದಲ್ಲಿ. ಸೋದರಮಾವನಿಗೆ 44ಕ್ಕೆ ಕರುಳಲ್ಲಿ. ಅಜ್ಜಿಯ ತಂಗಿಗೂ. ಎಲ್ಲ ಅವರಿಗೆ ಬಾಯಿಪಾಠ, ಯಾರೂ ಕೇಳಿರಲಿಲ್ಲ.

ಅಮ್ಮನ ಗಡ್ಡೆಯಲ್ಲಿ ಆ ಎಂಎಸ್‌ಎಚ್2 ಪ್ರೋಟೀನ್ ಇರಲಿಲ್ಲ. ಆಮೇಲೆ ರಕ್ತಪರೀಕ್ಷೆಯಲ್ಲೂ ಜೀನಿನ ದೋಷ ಖಚಿತವಾಯ್ತು. ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಬರೋ ಸಾಧ್ಯತೆ ಅರ್ಧಕ್ಕರ್ಧ. ಹೋದ ಗುರುವಾರ ನಾನು ರಕ್ತ ಕೊಟ್ಟು ಬಂದೆ. ಚೆನ್ನೈನಲ್ಲಿರೋ ಅಕ್ಕ ಈ ಶನಿವಾರ ಹೋಗ್ತಾಳೆ, ದೊಡ್ಡಮ್ಮನ ಪಟ್ಟಿ ತಗೊಂಡು.