ಕೊಟ್ಟಿಗೆಯ ಕಂದು, ಮನೆಯ ಜ್ವರ

ಗಬ್ಬದ ಆಕಳು ಐದಾರು ತಿಂಗಳು ದಾಟಿದ ಮೇಲೆ ಕಂದು ಹಾಕುವುದುಂಟು. ಮಾಸು ಸಲೀಸಾಗಿ ಬೀಳದಿದ್ದರೆ ಮನೆಯವರು ಬರಿಗೈಯಿಂದಲೇ ಅದನ್ನು ತೆಗೆದು ತಿಪ್ಪೆಗೆ ಹಾಕುತ್ತಾರೆ. ಕೆಲವು ವಾರಗಳ ಮೇಲೆ ಅದೇ ಮನೆಯಲ್ಲಿ ಒಬ್ಬರಿಗೆ ಜ್ವರ ಬರುತ್ತದೆ. ಸಂಜೆ ಏರುತ್ತದೆ, ಬೆವರು ಬಂದು ಇಳಿಯುತ್ತದೆ, ಮತ್ತೆ ಏರುತ್ತದೆ. ಕೀಲು, ಸೊಂಟಗಳಲ್ಲಿ ನೋವು. ಆಕಳ ವಿಷಯ ದನದ ಆಸ್ಪತ್ರೆಯ ಪುಸ್ತಕದಲ್ಲಿ ದಾಖಲಾಗುತ್ತದೆ, ಮನುಷ್ಯನ ವಿಷಯ ಜನರ ಆಸ್ಪತ್ರೆಯ ಪುಸ್ತಕದಲ್ಲಿ. ಈ ಎರಡಕ್ಕೂ ಕಾರಣ ಒಂದೇ ಇರಬಹುದು. ಆ ರೋಗದ ಹೆಸರು ಬ್ರುಸೆಲ್ಲೋಸಿಸ್. ದನಗಳಲ್ಲಿ ಇದನ್ನು ಕಂದು ರೋಗ ಎನ್ನುತ್ತಾರೆ.

ಇದು ತಿಳಿದುಬಂದ ಬಗೆಯನ್ನು ನೋಡೋಣ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಒಂದು ವಿಚಿತ್ರ ಜ್ವರದಿಂದ ನರಳುತ್ತಿದ್ದರು. ಸೇನಾ ವೈದ್ಯ ಡೇವಿಡ್ ಬ್ರೂಸ್, ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿ 1887ರಲ್ಲಿ ಪ್ರಕಟಿಸಿದರು. ಆದರೆ ಅದು ಎಲ್ಲಿಂದ ಬರುತ್ತದೆಂಬುದು ಮುಂದೆ ಹದಿನೆಂಟು ವರ್ಷ ತಿಳಿಯಲಿಲ್ಲ. ಆ ದ್ವೀಪದಲ್ಲಿ ಆಡುಗಳನ್ನು ಮನೆ ಬಾಗಿಲಿಗೇ ಹೊಡೆದುತಂದು ಹಾಲು ಕರೆದು ಕೊಡುವ ರೂಢಿಯಿತ್ತು. 1905ರಲ್ಲಿ ಮಾಲ್ಟಾದವರೇ ಆದ ವೈದ್ಯ ಥೆಮಿಸ್ಟೋಕ್ಲಿಸ್ ಝಮಿಟ್ ಆಡುಗಳ ರಕ್ತ ಪರೀಕ್ಷಿಸಿದರು. ನೋಡಲು ಆರೋಗ್ಯವಾಗಿದ್ದ ಆಡುಗಳಲ್ಲೇ ರೋಗಾಣು ಸಿಕ್ಕಿತು. 1906ರಲ್ಲಿ ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದ ಮೇಲೆ ಅವರಲ್ಲಿ ಜ್ವರ ತೀವ್ರವಾಗಿ ಇಳಿಯಿತು.

ಇತ್ತ ಡೆನ್ಮಾರ್ಕಿನ ಬರ್ನಾರ್ಡ್ ಬ್ಯಾಂಗ್, ಆಕಳುಗಳು ಕಂದು ಹಾಕಲು ಕಾರಣವಾದ ರೋಗಾಣುವನ್ನು 1897ರಲ್ಲಿಯೇ ಗುರುತಿಸಿದ್ದರು. ಮಾಲ್ಟಾದ ಜ್ವರಕ್ಕೂ ಡೆನ್ಮಾರ್ಕಿನ ಆಕಳಿಗೂ ಸಂಬಂಧವಿದೆ ಎಂದು ಯಾರೂ ಎಣಿಸಿರಲಿಲ್ಲ. ಅಮೆರಿಕದ ಕೃಷಿ ಇಲಾಖೆಯ ಹೈನು ವಿಭಾಗದಲ್ಲಿದ್ದ ಆಲಿಸ್ ಇವಾನ್ಸ್ ಎಂಬ ಮಹಿಳೆ ಎರಡು ರೋಗಾಣುಗಳನ್ನೂ ಪಕ್ಕಪಕ್ಕದಲ್ಲಿ ಬೆಳೆಸಿ ನೋಡಿ, ಇವು ಅತಿ ಹತ್ತಿರದ ಬಂಧುಗಳೆಂದು 1918ರಲ್ಲಿ ತೋರಿಸಿದರು. ಹಸಿ ಹಾಲು ಕುಡಿಯುವುದು ಅಪಾಯ ಎಂದೂ ಎಚ್ಚರಿಸಿದರು. ಅನೇಕ ವಿಜ್ಞಾನಿಗಳು ಮೊದಲು ನಂಬಲಿಲ್ಲ. 1922ರಲ್ಲಿ ಪ್ರಯೋಗಾಲಯದ ಕೆಲಸದಲ್ಲಿ ಈ ರೋಗ ಇವಾನ್ಸ್ ಅವರಿಗೇ ತಗುಲಿ ವರ್ಷಾನುಗಟ್ಟಲೆ ಕಾಡಿತು.

ಇನ್ನು ನಮ್ಮ ನಾಡಿಗೆ ಬರೋಣ. ಬಿಜಾಪುರದ ವೈದ್ಯಕೀಯ ಕಾಲೇಜಿನಲ್ಲಿ ಡಾ. ಬಿ.ಜಿ. ಮಂಟೂರ ಮತ್ತು ಅವರ ಸಂಗಡಿಗರು ಜ್ವರದ ರೋಗಿಗಳ ರಕ್ತವನ್ನು ಈ ರೋಗಕ್ಕಾಗಿಯೇ ಪರೀಕ್ಷಿಸುತ್ತ ಬಂದರು. 2004ರಲ್ಲಿ 93 ಮಕ್ಕಳ ಬಗೆಗೆ ವರದಿ ಮಾಡಿದರು. 2006ರಲ್ಲಿ ಪ್ರಕಟವಾದ ಲೇಖನದಲ್ಲಿ ಹದಿನಾರು ವರ್ಷಗಳ ಅನುಭವದ ಮೇಲೆ 495 ವಯಸ್ಕ ರೋಗಿಗಳ ವಿವರ ಕೊಟ್ಟರು. ಹೆಚ್ಚಿನವರಲ್ಲಿ ಸಿಕ್ಕಿದ್ದು ಕುರಿ, ಆಡುಗಳಿಂದ ಬರುವ ಮೆಲಿಟೆನ್ಸಿಸ್ ಎಂಬ ಬಗೆ. ಹುಡುಕಿದ್ದರಿಂದ ಇಷ್ಟು ಜನ ಸಿಕ್ಕರು ಎಂಬುದನ್ನು ಗಮನಿಸಬೇಕು. ಹುಡುಕದಿದ್ದರೆ ಇಂಥ ಜ್ವರ ಮಲೇರಿಯ, ವಿಷಮಶೀತ ಜ್ವರ ಅಥವಾ ಕ್ಷಯದ ಲೆಕ್ಕಕ್ಕೆ ಸೇರಿಬಿಡಬಹುದು.

1997ರವರೆಗೆ ಬಿಜಾಪುರ ಜಿಲ್ಲೆಯ ಗಡಿ ಕುಷ್ಟಗಿ ತಾಲ್ಲೂಕಿಗೆ ತಾಗಿಕೊಂಡೇ ಇತ್ತು. ಆ ವರ್ಷ ಬಿಜಾಪುರದಿಂದ ಬಾಗಲಕೋಟೆ ಬೇರೆಯಾಯಿತು. ಅದೇ ವರ್ಷ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದವು. ರೋಗಾಣುವಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆ ನೀರು, ಭತ್ತದ ಹುಲ್ಲು. ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನೇ ನಂಬಿದ ಬಯಲು, ಕುರಿಗಾರರ ಸೀಮೆ. ಆಕಳು, ಎಮ್ಮೆ, ಕುರಿ, ಆಡುಗಳು ಒಂದೇ ಅಂಗಳದಲ್ಲಿ ಇರುವ ಕಡೆ ಕುರಿಯ ರೋಗಾಣು ಆಕಳಿಗೂ ದಾಟಬಲ್ಲದು. ಆದ್ದರಿಂದ ಇಂಥ ಸೀಮೆಯಲ್ಲಿ ರೋಗಿಯನ್ನೂ ಹೈನದ ದನವನ್ನೂ ಒಟ್ಟಿಗೆ ಪರೀಕ್ಷಿಸಿದರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ಪರೀಕ್ಷೆ ಹೇಗೆ? ಹಾಲಿನಿಂದಲೇ ಆರಂಭಿಸಬಹುದು. ಸತ್ತ ರೋಗಾಣುಗಳಿಗೆ ನೀಲಿ ಬಣ್ಣ ಕಟ್ಟಿ ಆ ದ್ರಾವಣವನ್ನು ಹಾಲಿಗೆ ಬೆರೆಸಿ ಇಡುತ್ತಾರೆ. ಹಾಲಿನಲ್ಲಿ ಪ್ರತಿಕಾಯಗಳಿದ್ದರೆ ಅವು ಬಣ್ಣದ ರೋಗಾಣುಗಳನ್ನು ಹಿಡಿದು ಕೊಬ್ಬಿನ ಕಣಗಳೊಡನೆ ಮೇಲಕ್ಕೇರುತ್ತವೆ. ಮೇಲೆ ಕೆನೆಯಲ್ಲಿ ನೀಲಿ ಉಂಗುರ ಕಟ್ಟುತ್ತದೆ. ಇಲ್ಲದಿದ್ದರೆ ಕೆನೆ ಬಿಳಿಯಾಗಿ, ಕೆಳಗಿನ ಹಾಲು ನೀಲಿಯಾಗಿ ಉಳಿಯುತ್ತದೆ. ಹಲವು ದನಗಳ ಹಾಲು ಒಂದೆಡೆ ಸೇರಿದ್ದರೂ ಈ ಪರೀಕ್ಷೆ ಮಾಡಬಹುದು. ಅನುಮಾನ ಬಂದರೆ ಒಂದೊಂದೇ ದನದ ರಕ್ತ ನೋಡಬೇಕು. ಮನುಷ್ಯರಲ್ಲಿ ಪ್ರತಿಕಾಯ ಕಂಡರೆ ರೋಗಾಣುವಿನ ಸಂಪರ್ಕ ಆಗಿದೆ ಎಂದಷ್ಟೇ ಅರ್ಥ. ರಕ್ತದಿಂದ ರೋಗಾಣುವನ್ನೇ ಬೆಳೆಸಿದರೆ ಅದು ಗಟ್ಟಿ ಸಾಕ್ಷಿ. ಅದು ನಿಧಾನವಾಗಿ ಬೆಳೆಯುವುದರಿಂದ ಹಲವು ದಿನ ಕಾಯಬೇಕು.

ಪತ್ತೆಯಾದರೆ ಚಿಕಿತ್ಸೆ ಇದೆ. ಎರಡು ಔಷಧಿಗಳನ್ನು ಒಟ್ಟಿಗೆ ಆರು ವಾರ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಸಲಹೆ ಮಾಡಿತು. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು; ಬೆನ್ನುಮೂಳೆ, ಕೀಲುಗಳನ್ನು ಹಿಡಿದರೆ ದುಡಿಯುವ ಶಕ್ತಿಯೇ ಹೋಗುತ್ತದೆ. ಹಲವು ದೇಶಗಳು ರೋಗದ ದನಗಳನ್ನು ಕೊಂದು ಇದನ್ನು ಅಡಗಿಸಿದವು. ನಮ್ಮಲ್ಲಿ ಹಿಡಿದದ್ದು ಲಸಿಕೆಯ ದಾರಿ. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಈ ಲಸಿಕೆ ಹಾಕುತ್ತಾರೆ. ಲಸಿಕೆಯಿಂದಲೂ ಪ್ರತಿಕಾಯ ಹುಟ್ಟುವುದರಿಂದ ಯಾವ ಕರುವಿಗೆ ಎಂದು ಹಾಕಿತು ಎಂಬ ಲೆಕ್ಕವನ್ನೂ ಇಡಬೇಕು.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಹಾಲನ್ನು ಕುದಿಸಿಯೇ ಕುಡಿಯಬೇಕು. ಕಂದು, ಮಾಸುಗಳನ್ನು ಬರಿಗೈಯಿಂದ ಮುಟ್ಟದೆ, ನಾಯಿಗಳು ಎಳೆಯದಂತೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಬಿಡದ ಜ್ವರಕ್ಕೆ ಆಸ್ಪತ್ರೆಗೆ ಹೋದಾಗ, ವೈದ್ಯರು ಕೇಳದಿದ್ದರೂ, "ನಮ್ಮ ಮನೆಯ ಆಕಳು ಕಂದು ಹಾಕಿತ್ತು" ಎಂಬ ಮಾತನ್ನು ಅವರಿಗೆ ತಿಳಿಸಬೇಕು. ಆ ಒಂದು ಮಾತಿನಿಂದ ಸರಿಯಾದ ರಕ್ತಪರೀಕ್ಷೆ ಬೇಗ ನಡೆಯಬಹುದು.