ಕ್ರಾಸ್‌ಮಗ್ಲೆನ್ ರೇಂಜರ್ಸ್

ಕ್ರಾಸ್‌ಮಗ್ಲೆನ್ ರೇಂಜರ್ಸ್ ಉತ್ತರ ಐರ್ಲೆಂಡಿನ ಆರ್ಮಾ ಕೌಂಟಿಯ ಕ್ರಾಸ್‌ಮಗ್ಲೆನ್ ಪಟ್ಟಣದ ಗೇಲಿಕ್ ಫುಟ್‌ಬಾಲ್ ಕ್ಲಬ್. ಇದು ಅಖಿಲ ಐರ್ಲೆಂಡ್ ಹಿರಿಯರ ಕ್ಲಬ್ ಚಾಂಪಿಯನ್‌ಶಿಪ್ ಅನ್ನು ಆರು ಬಾರಿ ಗೆದ್ದಿದೆ.

ಹಿನ್ನೆಲೆ

ಐರ್ಲೆಂಡಿನ ದೇಶೀಯ ಕ್ರೀಡೆಗಳ ಪುನರುಜ್ಜೀವನಕ್ಕಾಗಿ 1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಆರಂಭವಾಯಿತು. ಮೂರು ವರ್ಷಗಳ ನಂತರ, 1887ರಲ್ಲಿ, ಈ ಕ್ಲಬ್ ಸ್ಥಾಪನೆಯಾಯಿತು. ಗೇಲಿಕ್ ಫುಟ್‌ಬಾಲ್‌ನಲ್ಲಿ ತಂಡಕ್ಕೆ 15 ಆಟಗಾರರು. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಿಂದಲೂ ಆಡಬಹುದು. ಆಟಗಾರರು ಸಂಭಾವನೆ ಪಡೆಯದ ಹವ್ಯಾಸಿಗಳು. ಸಾಮಾನ್ಯವಾಗಿ ತಮ್ಮ ಊರಿನ ಕ್ಲಬ್ಬಿಗೇ ಆಡುತ್ತಾರೆ.

ಮೈದಾನ ಮತ್ತು ಸೇನಾ ನೆಲೆ

ಕ್ಲಬ್ಬಿನ ಮೈದಾನಕ್ಕೆ 1681ರಲ್ಲಿ ಲಂಡನ್ನಿನಲ್ಲಿ ಮರಣದಂಡನೆಗೆ ಒಳಗಾದ ಆರ್ಮಾದ ಆರ್ಚ್‌ಬಿಷಪ್ ಸಂತ ಆಲಿವರ್ ಪ್ಲಂಕೆಟ್ ಅವರ ಹೆಸರಿಡಲಾಗಿದೆ. ಪಟ್ಟಣವು ಐರ್ಲೆಂಡ್ ಗಣರಾಜ್ಯದ ಗಡಿಗೆ ಹತ್ತಿರವಿದೆ. ಉತ್ತರ ಐರ್ಲೆಂಡಿನ ಸಂಘರ್ಷದ ಕಾಲದಲ್ಲಿ, 1970ರ ದಶಕದಲ್ಲಿ, ಬ್ರಿಟಿಷ್ ಸೇನೆಯು ಮೈದಾನಕ್ಕೆ ಹೊಂದಿಕೊಂಡಂತೆ ನೆಲೆ ಸ್ಥಾಪಿಸಿ, ಕ್ಲಬ್ಬಿನ ಜಮೀನಿನ ಒಂದು ಭಾಗವನ್ನು ವಶಪಡಿಸಿಕೊಂಡಿತು. ಆಟ ನಡೆಯುವಾಗಲೂ ಹೆಲಿಕಾಪ್ಟರ್‌ಗಳು ಬಂದಿಳಿಯುತ್ತಿದ್ದವು. ಕಾವಲು ಗೋಪುರವು ಮೈದಾನದತ್ತ ಮುಖಮಾಡಿ ನಿಂತಿತ್ತು. ಆದರೂ ಕ್ಲಬ್ ತನ್ನ ಮೈದಾನವನ್ನು ತೊರೆಯಲಿಲ್ಲ. ಹೀಗಾಗಿ ಅದರ ಹೆಸರು ಕ್ರೀಡಾವಲಯದಾಚೆಗೂ ಪರಿಚಿತವಾಯಿತು. 1998ರ ಶಾಂತಿ ಒಪ್ಪಂದದ ನಂತರ ಸೇನೆಯ ಉಪಸ್ಥಿತಿ ಹಂತಹಂತವಾಗಿ ಕಡಿಮೆಯಾಗಿ, 2007ರಲ್ಲಿ ಈ ನೆಲೆ ಮುಚ್ಚಿತು. ಸೇನೆ ಹಾಗೂ ಪೊಲೀಸ್ ಪಡೆಯವರ ಸದಸ್ಯತ್ವವನ್ನು ನಿಷೇಧಿಸಿದ್ದ ಅಸೋಸಿಯೇಷನ್ನಿನ ನಿಯಮವು 2001ರಲ್ಲಿ ರದ್ದಾಗಿತ್ತು.

ಸಾಧನೆಗಳು

1996ರಿಂದ 2008ರವರೆಗೆ ಕ್ಲಬ್ ಆರ್ಮಾ ಕೌಂಟಿ ಪ್ರಶಸ್ತಿಯನ್ನು ಸತತವಾಗಿ 13 ಬಾರಿ ಗೆದ್ದಿತು. ಅಖಿಲ ಐರ್ಲೆಂಡ್ ಪ್ರಶಸ್ತಿಗಳು ಮತ್ತು ಅಂತಿಮ ಪಂದ್ಯದ ಎದುರಾಳಿಗಳು ಹೀಗಿವೆ:

1997: ನಾಕ್‌ಮೋರ್
1999: ಬ್ಯಾಲಿನಾ ಸ್ಟೀಫನೈಟ್ಸ್
2000: ನಾ ಫಿಯಾನಾ
2007: ಡಾ. ಕ್ರೋಕ್ಸ್
2011: ಸೇಂಟ್ ಬ್ರಿಜಿಡ್ಸ್
2012: ಗ್ಯಾರಿಕ್ಯಾಸಲ್

2007 ಮತ್ತು 2012ರ ಅಂತಿಮ ಪಂದ್ಯಗಳು ಸಮವಾದುದರಿಂದ ಮರುಪಂದ್ಯದಲ್ಲಿ ವಿಜೇತರು ನಿರ್ಧಾರವಾದರು.

ಕೌಂಟಿ ತಂಡಕ್ಕೆ ಕೊಡುಗೆ

ಮೊದಲ ಮೂರು ಪ್ರಶಸ್ತಿಗಳ ಸಂದರ್ಭದಲ್ಲಿ ಜೋ ಕರ್ನನ್ ಕ್ಲಬ್ಬಿನ ವ್ಯವಸ್ಥಾಪಕರಾಗಿದ್ದರು. ಅವರ ಮಾರ್ಗದರ್ಶನದಲ್ಲಿಯೇ ಆರ್ಮಾ ಕೌಂಟಿ ತಂಡವು 2002ರಲ್ಲಿ ಕೆರ್ರಿಯನ್ನು ಒಂದು ಅಂಕದ ಅಂತರದಿಂದ ಸೋಲಿಸಿ ಪ್ರಥಮ ಬಾರಿಗೆ ಅಖಿಲ ಐರ್ಲೆಂಡ್ ಪ್ರಶಸ್ತಿ ಪಡೆಯಿತು. ಆ ಪಂದ್ಯದಲ್ಲಿ ಆರ್ಮಾದ ಏಕೈಕ ಗೋಲನ್ನು ಹೊಡೆದವರು ಇದೇ ಕ್ಲಬ್ಬಿನ ಒಶೀನ್ ಮೆಕಾನ್‌ವಿಲ್. ಈ ಕ್ರೀಡೆಯಲ್ಲಿ ಒಂದು ಗೋಲು ಮೂರು ಅಂಕಗಳಿಗೆ ಸಮ.